ಬೊಗಳುವ ನಾಯಿಗೆ ‘ಸಾಕು’ ಎಂಬ ಮಾತು ಕಲಿಸಿ

‘ನಾಯಿ ಬೊಗಳದೆ ಮತ್ತೇನು, ಸಂಗೀತ ಹಾಡೀತೇ?’ ಎಂದು ನಗುವವರೇ ಹೆಚ್ಚು. ಆದರೆ ಹಗಲು ರಾತ್ರಿ ಎನ್ನದೆ ಬೊಗಳುವ ನಾಯಿಯ ಉಪದ್ರವ ಎಂಥದ್ದು ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಅವರಿಗಿಂತಲೂ ಹೆಚ್ಚಾಗಿ ಆ ನಾಯಿಗೆ ಅನ್ನ ಹಾಕುವ ಗೃಹಿಣಿಯನ್ನು ಕೇಳಬೇಕು. ಬೈಗುಳ ಎರಡೂ ಕಡೆಯಿಂದ ಬಂದು ಬೀಳುವುದು ಅವಳ ತಲೆಯ ಮೇಲೆಯೇ.

ಈ ಸಲ ಜಾಲ್ಸೂರಿನಿಂದ ಓದುಗ ಸೋದರಿಯೊಬ್ಬರು ಬರೆದ ಪತ್ರವನ್ನು ಎತ್ತಿಕೊಂಡಿದ್ದೇನೆ. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ದಾರಿ ಕವಲೊಡೆಯುವ ಊರು ಅದು. ಅವರ ಮನೆ ರಸ್ತೆಯ ಬದಿಗೆ, ಹಿಂದೆ ಅಡಿಕೆ ತೋಟ. ಮಂಗಗಳ ಕಾಟ ತಡೆಯಲಾರದೆ ಎರಡು ವರ್ಷದ ಹಿಂದೆ ಒಂದು ಊರುನಾಯಿಯ ಮರಿ ತಂದರಂತೆ. ಈಗ ಅದು ಮಂಗಕ್ಕೂ ಬೊಗಳುತ್ತದೆ, ಲಾರಿಗೂ ಬೊಗಳುತ್ತದೆ, ಪೋಸ್ಟಿನವರಿಗೂ ಬೊಗಳುತ್ತದೆ, ರಾತ್ರಿ ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ಅತ್ತೆಗೆ ರಕ್ತದೊತ್ತಡ, ನಿದ್ದೆ ಇಲ್ಲ. ಪಕ್ಕದ ಮನೆಯ ಹುಡುಗಿಗೆ ಪಿಯುಸಿ ಪರೀಕ್ಷೆ. ಆ ಮನೆಯವರು ಮಾತು ಬಿಟ್ಟು ತಿಂಗಳಾಯಿತು. ‘ಇನ್ನು ಇದನ್ನು ಜೀಪಿಗೆ ಹಾಕಿ ಸಂಪಾಜೆ ಘಾಟಿಯಲ್ಲಿ ಬಿಟ್ಟು ಬರುವುದೇ ಸೈ’ ಎಂದು ಯಜಮಾನರು ಹೇಳಿದ್ದಾರೆ. ‘ಬಿಟ್ಟು ಬರುವ ಮೊದಲು ಏನಾದರೂ ದಾರಿ ಉಂಟಾ? ಮಕ್ಕಳು ಅಳುತ್ತಿದ್ದಾರೆ’ ಎಂದು ಪತ್ರ ಮುಗಿಸಿದ್ದಾರೆ.

ದಾರಿ ಉಂಟು ಸೋದರಿ. ಒಂದೇ ದಿನದ ದಾರಿ ಅಲ್ಲ, ನಾಲ್ಕು ವಾರದ್ದು. ಮೊದಲು ಯಜಮಾನರಿಂದ ಆ ನಾಲ್ಕು ವಾರವನ್ನು ಕೇಳಿ ಪಡೆದುಕೊಳ್ಳಿ. ಬೇಕಾದರೆ ಈ ಪುಟವನ್ನೇ ಅವರ ಕಾಫಿ ಲೋಟದ ಪಕ್ಕ ಇಡಿ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂಥ ಕಡೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದೂ ಅವರಿಗೆ ಗೊತ್ತಿರಲಿ.

ತಪ್ಪು ನಾಯಿಯದ್ದೇ?

ಸ್ವಲ್ಪ ನಾಯಿಯ ಜಾಗದಲ್ಲಿ ನಿಂತು ನೋಡೋಣ. ಮಂಗ ಬಂದಾಗ ‘ಹಿಡಿ, ಹಿಡಿ, ಶಹಬ್ಬಾಸ್!’ ಎಂದು ಹುರಿದುಂಬಿಸಿದವರು ಮನೆಯವರೇ. ಅದೇ ನಾಯಿ ಲಾರಿಗೆ ಬೊಗಳಿದರೆ ಬಡಿಗೆ! ಮಂಗಕ್ಕೂ ಲಾರಿಗೂ ಇರುವ ವ್ಯತ್ಯಾಸವನ್ನು ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ?

ಇನ್ನೊಂದು ಸಂಗತಿ. ಲಾರಿ ಬರುತ್ತದೆ, ನಾಯಿ ಬೊಗಳುತ್ತದೆ, ಲಾರಿ ಹೋಗುತ್ತದೆ. ಲಾರಿ ತನ್ನ ಪಾಡಿಗೆ ಮಡಿಕೇರಿಗೋ ಕಾಸರಗೋಡಿಗೋ ಹೊರಟದ್ದು. ಆದರೆ ನಾಯಿಯ ಲೆಕ್ಕದಲ್ಲಿ ಅದನ್ನು ಓಡಿಸಿದ್ದು ತಾನು. ಪೋಸ್ಟಿನವರೂ ಹಾಗೆಯೇ: ಬಂದರು, ಬೊಗಳಿತು, ಕಾಗದ ಕೊಟ್ಟು ಹಿಂದೆ ಹೋದರು. ದಿನಕ್ಕೆ ನೂರು ಸಲ ‘ಗೆದ್ದ’ ನಾಯಿ ಬೊಗಳುವುದನ್ನು ಬಿಟ್ಟೀತೇ?

ಆಮೇಲೆ ನಾವು ಒಳಗಿನಿಂದ ‘ಏಯ್, ಸುಮ್ಮನಿರು, ಬಾಯಿ ಮುಚ್ಚು!’ ಎಂದು ಕಿರುಚುತ್ತೇವೆ. ಮಾತು ತಿಳಿಯದ ನಾಯಿಗೆ ಇದು ಬೈಗುಳ ಎನಿಸುವುದಿಲ್ಲ. ಯಜಮಾನಿಯೂ ತನ್ನ ಜೊತೆ ಸೇರಿ ಬೊಗಳುತ್ತಿದ್ದಾಳೆ ಎಂದು ಅದಕ್ಕೆ ಇನ್ನಷ್ಟು ಉಮೇದು ಬರುತ್ತದೆ.

ಮೊದಲ ವಾರ: ಬರೆದಿಡಿ

ಹಾಲಿನ ಲೆಕ್ಕದ ಪುಸ್ತಕದ ಕೊನೆಯಲ್ಲಿ ಒಂದು ಹಾಳೆ ಖಾಲಿ ಇದ್ದೀತು. ಅದರಲ್ಲಿ ನಾಲ್ಕು ಗೆರೆ ಎಳೆಯಿರಿ: ಎಷ್ಟು ಹೊತ್ತಿಗೆ ಬೊಗಳಿತು, ಯಾವುದಕ್ಕೆ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಿತು. ಒಂದು ವಾರ ಬರೆದರೆ ‘ಸುಮ್ಮಸುಮ್ಮನೆ ಬೊಗಳುತ್ತದೆ’ ಎನ್ನುವ ದೂರು ಅರ್ಧ ಕರಗುತ್ತದೆ. ನಾಯಿ ಸುಮ್ಮನೆ ಬೊಗಳುವುದು ಬಹಳ ಕಡಿಮೆ. ನಮಗೆ ಕೇಳಿಸದ್ದು ಅದಕ್ಕೆ ಕೇಳಿಸುತ್ತದೆ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 40,000ಕ್ಕೂ ಮೇಲಿನದು ಕೇಳಿಸುತ್ತದೆ. ಅಟ್ಟದ ಇಲಿಯ ಕೀಚಲು ದನಿ ನಮಗೆ ಮೌನ, ಅದಕ್ಕೆ ಗದ್ದಲ.

ಬರೆದದ್ದನ್ನು ಓದಿದರೆ ಸಾಮಾನ್ಯವಾಗಿ ಈ ಕಾರಣಗಳಲ್ಲಿ ಒಂದೆರಡು ಸಿಗುತ್ತವೆ:

1. ಕಾವಲಿನ ಬೊಗಳು: ಗೇಟಿಗೆ, ರಸ್ತೆಗೆ, ತೋಟಕ್ಕೆ ಯಾರಾದರೂ ಬಂದಾಗ.

2. ಬೇಸರದ ಬೊಗಳು: ಬೆಳಗಿನಿಂದ ಸಂಜೆಯವರೆಗೆ ಕಟ್ಟಿಹಾಕಿದ ನಾಯಿಯದ್ದು. ಒಂದೇ ರಾಗ, ಎಡೆಬಿಡದೆ.

3. ಕೇಳುವ ಬೊಗಳು: ‘ನನ್ನ ಕಡೆ ನೋಡು, ಮೀನಿನ ತಲೆ ಹಾಕು, ಬಿಡಿಸು’ ಎಂದು.

4. ಹೆದರಿಕೆಯ ಬೊಗಳು: ಸಿಡಿಲಿಗೆ, ಪಟಾಕಿಗೆ, ಅಪರಿಚಿತರಿಗೆ. ಬಾಲ ಕಾಲಿನ ನಡುವೆ, ದೇಹ ಹಿಂದಕ್ಕೆ.

5. ಒಂಟಿತನದ ಬೊಗಳು: ಮನೆಯವರೆಲ್ಲ ಮದುವೆಗೋ ಪೂಜೆಗೋ ಹೋದ ಮೇಲೆ. ಇದು ನಮಗೆ ತಿಳಿಯುವುದೇ ಇಲ್ಲ, ಪಕ್ಕದವರು ಹೇಳಬೇಕು. ಒಂದು ಮೊಬೈಲನ್ನು ಕಿಟಕಿಯ ಬಳಿ ರೆಕಾರ್ಡಿಗೆ ಇಟ್ಟು ಹೋದರೆ ನಿಜ ಗೊತ್ತಾಗುತ್ತದೆ.

6. ನೋವಿನ ಬೊಗಳು: ಕಿವಿಯಲ್ಲಿ ಉಣ್ಣಿ, ಗಾಯದಲ್ಲಿ ಹುಳ, ಹೊಟ್ಟೆನೋವು. ಮುದಿ ನಾಯಿಯಾದರೆ ಕಣ್ಣು ಕಿವಿ ಮಂದವಾಗಿ ದಿಕ್ಕು ತಪ್ಪಿ ರಾತ್ರಿ ಕೂಗುವುದೂ ಉಂಟು. ಇದಕ್ಕೆ ಪಾಠ ಬೇಡ, ಪಶುವೈದ್ಯರು ಬೇಕು.

ಗಂಡು ನಾಯಿಯಾದರೆ ಊರಲ್ಲಿ ಹೆಣ್ಣುನಾಯಿ ಬೆದೆಗೆ ಬಂದ ದಿನಗಳಲ್ಲಿ ರಾತ್ರಿಯಿಡೀ ಊಳಿಡಬಹುದು. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆಯುವುದೂ ಜಗಳವೂ ಕಡಿಮೆಯಾಗುತ್ತವೆ. ಆ ಬಗ್ಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಗೂಡಿನ ಜಾಗ, ಸಂಕೋಲೆಯ ಉದ್ದ

ಪಾಠಕ್ಕೆ ಮೊದಲು ಮನೆಯ ವ್ಯವಸ್ಥೆ ಸರಿಯಾಗಲಿ. ನಮ್ಮ ಕಡೆ ನಾಯಿಗೂಡನ್ನು ಕಟ್ಟುವುದು ಗೇಟಿನ ಪಕ್ಕ, ರಸ್ತೆಗೆ ಮುಖ ಮಾಡಿ. ಅಲ್ಲಿ ಕುಳಿತ ನಾಯಿಗೆ ಹೋಗುವ ಬರುವ ಪ್ರತಿ ಬಸ್ಸೂ ಬೈಕೂ ಒಂದೊಂದು ಸವಾಲು. ಗೂಡನ್ನು ಮನೆಯ ಹಿಂಬದಿಗೋ ಹಟ್ಟಿಯ ಕಡೆಗೋ ಸರಿಸಿ, ಬಾಗಿಲು ತೋಟದ ಕಡೆ ಇರಲಿ. ಗೂಡು ಎತ್ತಲಾಗದಿದ್ದರೆ ರಸ್ತೆಯ ಕಡೆಯ ಕಂಬಿಗಳಿಗೆ ಸೋಗೆಯೋ ಹಳೆಯ ಗೋಣಿಯೋ ಕಟ್ಟಿ ಮರೆ ಮಾಡಿ. ಗಾಳಿ ಆಡಲು ಎಡೆ ಇರಲಿ. ಕಾಣದ ಲಾರಿಗೆ ಬೊಗಳುವುದು ತಾನಾಗಿಯೇ ಇಳಿಯುತ್ತದೆ.

ಎರಡನೆಯದು ಸಂಕೋಲೆ. ‘ಹಗಲು ಕಟ್ಟುವುದು, ರಾತ್ರಿ ಬಿಡುವುದು’ ನಮ್ಮ ಪದ್ಧತಿ. ಹಗಲಿಡೀ ಮಲಗಿದ ನಾಯಿ ರಾತ್ರಿ ಏನು ಮಾಡಬೇಕು? ಬೆಳಗ್ಗೆ ದನಕ್ಕೆ ಹುಲ್ಲು ತರಲು ತೋಟಕ್ಕೆ ಹೋಗುವಾಗ ಹಗ್ಗ ಹಿಡಿದು ಅದನ್ನೂ ಕರೆದುಕೊಂಡು ಹೋಗಿ. ಇಪ್ಪತ್ತು ನಿಮಿಷ ಮೂಸುತ್ತಾ ಅಲೆಯಲಿ. ಸಂಜೆ ಮಕ್ಕಳ ಪಾಳಿ. ಮೂಸುವುದು ನಾಯಿಯ ಪಾಲಿಗೆ ಪೇಪರು ಓದಿದ ಹಾಗೆ, ತಲೆಗೆ ಕೆಲಸ ಸಿಗುತ್ತದೆ. ತಲೆಗೂ ಕಾಲಿಗೂ ದಣಿವಾದ ನಾಯಿ ಮಲಗುತ್ತದೆ. ಇದು ಕರುಣೆಯ ಮಾತಷ್ಟೇ ಅಲ್ಲ. ಸದಾ ಕಟ್ಟಿಹಾಕುವ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದನ್ನು ಅದೇ 1960ರ ಕಾಯಿದೆಯ 11ನೆಯ ಕಲಮು ಹೆಸರಿಸಿಯೇ ಅಪರಾಧ ಎಂದಿದೆ. ತೀರ ಗಿಡ್ಡ, ತೀರ ಭಾರದ ಸಂಕೋಲೆಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಹಾಗೆಯೇ.

ಎರಡನೆಯ ವಾರ: ‘ಸಾಕು’

ಈಗ ಪಾಠ. ಒಂದೇ ಪದ ಆರಿಸಿ, ಮನೆಯವರೆಲ್ಲ ಅದನ್ನೇ ಬಳಸಿ. ತುಳುವೋ ಅರೆಭಾಷೆಯೋ ಹವ್ಯಕವೋ ಮಲೆಯಾಳವೋ, ನಿಮ್ಮ ಮನೆಮಾತಿನ ಪದವೇ ಆಗಲಿ. ಅತ್ತೆ ಒಂದು, ಮಕ್ಕಳು ಇನ್ನೊಂದು, ಯಜಮಾನರು ಇಂಗ್ಲಿಷಿನಲ್ಲಿ ಮತ್ತೊಂದು ಹೇಳಿದರೆ ನಾಯಿ ಯಾವುದನ್ನು ಕಲಿಯಬೇಕು? ಇಲ್ಲಿ ‘ಸಾಕು’ ಎಂದಿಟ್ಟುಕೊಳ್ಳೋಣ.

ಒಂದು ಸಣ್ಣ ಡಬ್ಬಿಯಲ್ಲಿ ನಾಯಿಗೆ ಬಹಳ ಇಷ್ಟವಾದ ತಿಂಡಿಯ ಚೂರುಗಳನ್ನು ಸಿದ್ಧಮಾಡಿ. ಹುಣಸೆ ಬೀಜದಷ್ಟು ಸಣ್ಣ ಚೂರು ಸಾಕು. ಒಬ್ಬರು ಗೇಟಿನ ಬಳಿ ಹೋಗಿ ಮೆಲ್ಲನೆ ತಟ್ಟಲಿ. ನಾಯಿ ಎರಡು ಮೂರು ಸಲ ಬೊಗಳಲಿ, ಅದು ಅದರ ಕರ್ತವ್ಯ. ಆಗ ನೀವು ಅದರ ಪಕ್ಕಕ್ಕೇ ಹೋಗಿ, ಸಾಧಾರಣ ದನಿಯಲ್ಲಿ, ಒಂದೇ ಸಲ ‘ಸಾಕು’ ಎಂದು ಹೇಳಿ ಚೂರನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಸುತ್ತಿರುವ ನಾಯಿಗೆ ಬೊಗಳುವುದು ಕಷ್ಟ. ಅದು ಸುಮ್ಮನಾದ ಕೂಡಲೇ ಮನಸ್ಸಿನಲ್ಲಿ ಒಂದು, ಎರಡು ಎಣಿಸಿ, ‘ಜಾಣ’ ಎಂದು ಹೊಗಳಿ ಚೂರು ಕೊಡಿ.

ಹೀಗೆ ಒಂದು ಹೊತ್ತಿಗೆ ಎಂಟು ಹತ್ತು ಸಲ, ಐದು ನಿಮಿಷಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಎರಡು ಮೂರು ಹೊತ್ತು. ಮರುದಿನ ಮೂರರವರೆಗೆ ಎಣಿಸಿ, ಆಮೇಲೆ ಐದು, ಹತ್ತು, ಇಪ್ಪತ್ತು. ಎಣಿಕೆ ಮುಗಿಯುವ ಮೊದಲೇ ಬೊಗಳಿತೋ, ಬೈಯಬೇಡಿ. ಕೈ ಹಿಂದಕ್ಕೆ ತೆಗೆದುಕೊಳ್ಳಿ, ಮುಂದಿನ ಸಲ ಎಣಿಕೆ ಕಡಿಮೆ ಮಾಡಿ. ವಾರದ ಕೊನೆಗೆ ಖಾಲಿ ಕೈ ಹಿಡಿದು ‘ಸಾಕು’ ಎನ್ನಿ, ಸುಮ್ಮನಾದ ಮೇಲೆ ಡಬ್ಬಿಯಿಂದ ತೆಗೆದು ಕೊಡಿ. ಇಲ್ಲವಾದರೆ ತಿಂಡಿ ಕಂಡರೆ ಮಾತ್ರ ಸುಮ್ಮನಾಗುವ ಬುದ್ಧಿ ಕಲಿತೀತು!

ತಿಂಡಿಯ ಚೂರು ಹೀಗೆ ಮಾಡಿ

ಒಂದು ಲೋಟ ಗೋಧಿ ಹಿಟ್ಟು, ಅರ್ಧ ಲೋಟ ರಾಗಿ ಹಿಟ್ಟು, ಬೇಯಿಸಿ ಹಿಚುಕಿದ ಸಿಹಿಗುಂಬಳ ಅರ್ಧ ಲೋಟ. ಉಪ್ಪು, ಬೆಲ್ಲ, ಒಗ್ಗರಣೆ ಏನೂ ಬೇಡ. ಗಟ್ಟಿಯಾಗಿ ಕಲಸಿ ದಪ್ಪ ಚಪಾತಿಯಂತೆ ಲಟ್ಟಿಸಿ, ಚೂರಿಯಿಂದ ಸಣ್ಣ ಚೌಕಗಳಾಗಿ ಕತ್ತರಿಸಿ. ದಪ್ಪ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಕಡೆ ಗರಿಯಾಗುವವರೆಗೆ ಹುರಿದು, ಆರಿಸಿ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕಾಗುವಷ್ಟೇ ಮಾಡಿ, ಬೂಸರು ಹಿಡಿದರೆ ಎಸೆಯಿರಿ. ಮೀನು ಮಾಂಸ ಮಾಡುವ ಮನೆಯವರು ಬೇಯಿಸಿದ ಕೋಳಿಯ ಪಿತ್ತಜನಕಾಂಗವನ್ನೋ ಮೊಟ್ಟೆಯನ್ನೋ ಚೂರು ಮಾಡಿದರೆ ನಾಯಿ ಇನ್ನೂ ಬೇಗ ಕಲಿಯುತ್ತದೆ. ಪಾಠದಲ್ಲಿ ತಿಂದಷ್ಟನ್ನು ರಾತ್ರಿಯ ಅನ್ನದಲ್ಲಿ ಕಡಿಮೆ ಮಾಡಿ.

ಒಂದು ಎಚ್ಚರಿಕೆ. ಪುತ್ತೂರಿನಲ್ಲಿ 1986ರಲ್ಲಿ ಕ್ಯಾಂಪ್ಕೋ ಚಾಕೊಲೇಟು ಕಾರ್ಖಾನೆ ಶುರುವಾಯಿತು. ಅಡಿಕೆಯ ಎಡೆಯಲ್ಲಿ ಕೊಕ್ಕೋ ಬೆಳೆಸುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟು. ಮಕ್ಕಳ ಚಾಕೊಲೇಟನ್ನಾಗಲಿ, ಅಂಗಳದಲ್ಲಿ ಒಣಹಾಕಿದ ಕೊಕ್ಕೋ ಬೀಜವನ್ನಾಗಲಿ ನಾಯಿಗೆ ಸಿಗದಂತೆ ನೋಡಿಕೊಳ್ಳಿ. ಅದರಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶ ನಾಯಿಯ ಮೈಯಲ್ಲಿ ಬಹಳ ನಿಧಾನವಾಗಿ ಕರಗುತ್ತದೆ. ವಾಂತಿ, ಚಡಪಡಿಕೆ, ಎದೆಬಡಿತ ಏರಿ ಪ್ರಾಣಕ್ಕೂ ಅಪಾಯ. ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಬೇಯಿಸಿದ ಕೋಳಿಯ ಎಲುಬು ಕೂಡ ಬೇಡ.

ಮೂರನೆಯ ವಾರ: ರಸ್ತೆಯ ವಾಹನಗಳು

ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿಯ ಪ್ರಯೋಗವನ್ನು ಶಾಲೆಯಲ್ಲಿ ಓದಿದ್ದೀರಿ. ಊಟಕ್ಕೆ ಮುಂಚೆ ದಿನವೂ ಒಂದು ಸದ್ದು ಕೇಳಿದ ನಾಯಿ, ಆಮೇಲೆ ಸದ್ದು ಕೇಳಿದರೇ ಜೊಲ್ಲು ಸುರಿಸಿತು. ಅದೇ ಉಪಾಯ ಇಲ್ಲಿ. ರಸ್ತೆಯಿಂದ ಸಾಕಷ್ಟು ದೂರದಲ್ಲಿ, ವಾಹನ ಕಂಡರೂ ನಾಯಿ ಬೊಗಳದಷ್ಟು ದೂರದಲ್ಲಿ, ಹಗ್ಗ ಹಿಡಿದು ಕುಳಿತುಕೊಳ್ಳಿ. ಬಸ್ಸು ಕಂಡಿತು, ಚೂರು ಬಂತು. ಬಸ್ಸು ಹೋಯಿತು, ಚೂರು ನಿಂತಿತು. ಕೆಲವು ದಿನಗಳಲ್ಲಿ ಬಸ್ಸು ಕಂಡರೆ ನಾಯಿ ನಿಮ್ಮ ಮುಖ ನೋಡಲು ಶುರುಮಾಡುತ್ತದೆ. ಆಗ ನಾಲ್ಕು ಹೆಜ್ಜೆ ರಸ್ತೆಯ ಕಡೆಗೆ ಸರಿಯಿರಿ. ಬೊಗಳಿದರೆ ಅವಸರವಾಯಿತು ಎಂದು ತಿಳಿದು ಹಿಂದಕ್ಕೆ ಬನ್ನಿ.

ಪೋಸ್ಟಿನವರಿಗೂ ಕೊರಿಯರಿನ ಹುಡುಗರಿಗೂ ಎರಡು ಚೂರು ಕೊಟ್ಟು, ಗೇಟಿನ ಹೊರಗಿನಿಂದಲೇ ಒಳಗೆ ಎಸೆಯಲು ಹೇಳಿ. ಕಚ್ಚುವ ಸ್ವಭಾವದ ನಾಯಿಯಾದರೆ ಕಟ್ಟಿಯೇ ಇರಲಿ.

ಕೇಳುವ ಬೊಗಳಿಗೆ ಮದ್ದು ಬೇರೆ. ಬೊಗಳಿದಾಗ ನೋಡಬೇಡಿ, ಮಾತಾಡಬೇಡಿ, ಬೈಯಲೂ ಬೇಡಿ. ಸುಮ್ಮನಾದ ಮೇಲೆ ಹೋಗಿ ತಟ್ಟೆ ಇಡಿ. ಇಲ್ಲಿ ಒಂದು ಗುಟ್ಟು ತಿಳಿದಿರಲಿ: ಮೊದಲ ಎರಡು ಮೂರು ದಿನ ಬೊಗಳುವುದು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಇಷ್ಟು ದಿನ ನಡೆದ ಉಪಾಯ ಇಂದು ಯಾಕೆ ನಡೆಯುತ್ತಿಲ್ಲ ಎಂದು ಅದು ದನಿ ಏರಿಸಿ ನೋಡುತ್ತದೆ, ಹಟದ ಮಗುವಿನ ಹಾಗೆ. ಆ ಹೊತ್ತಿಗೆ ತಾಳ್ಮೆಗೆಟ್ಟು ಮೀನಿನ ತಲೆ ಹಾಕಿದಿರೋ, ಇನ್ನೂ ಗಟ್ಟಿಯಾಗಿ ಬೊಗಳಿದರೆ ಸಿಗುತ್ತದೆ ಎಂಬ ಪಾಠ ಕಲಿಸಿದ ಹಾಗಾಯಿತು.

ಒಂಟಿತನದ ಬೊಗಳಿಗೆ, ಹೊರಡುವಾಗ ಮುದ್ದಾಟ ಬೇಡ. ಮೊದಲು ಎರಡು ನಿಮಿಷ ಹೊರಗೆ ಹೋಗಿ ಬನ್ನಿ, ಮತ್ತೆ ಐದು, ಹತ್ತು, ಅರ್ಧ ಗಂಟೆ. ಹೋಗುವಾಗ ಒಂದು ಗಟ್ಟಿ ತೆಂಗಿನ ಗೆರಟೆಯೊಳಗೆ ಅನ್ನ ಮೆತ್ತಿ ಕೊಡಿ, ನೆಕ್ಕುತ್ತಾ ಹೊತ್ತು ಹೋಗುತ್ತದೆ. ಗೆರಟೆಯನ್ನೇ ಕಚ್ಚಿ ಚೂರುಮಾಡಿ ನುಂಗುವ ನಾಯಿಯಾದರೆ ಅದು ಬೇಡ, ಚೂರುಗಳನ್ನು ಬೈಹುಲ್ಲಿನಲ್ಲಿ ಅಡಗಿಸಿಟ್ಟು ಹುಡುಕಲು ಬಿಡಿ.

ಸಿಡಿಲು, ಕದಿನ, ಗರ್ನಾಲು

ಏಪ್ರಿಲ್–ಮೇ ತಿಂಗಳ ಸಂಜೆಯ ಸಿಡಿಲು, ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನ ಸಿಡಿಲು ಘಟ್ಟದ ಬುಡದ ಊರುಗಳಿಗೆ ಹೊಸದಲ್ಲ. ಪತ್ತನಾಜೆಯವರೆಗೆ ಜಾತ್ರೆ ಕೋಲಗಳ ಕದಿನ, ತೋಟದಲ್ಲಿ ಮಂಗ ಓಡಿಸಲು ಗರ್ನಾಲು, ದೀಪಾವಳಿಗೆ ಪಟಾಕಿ. ಹೆದರಿ ಬೊಗಳುವ ನಾಯಿಗೆ ‘ಸಾಕು’ ಎಂದರೆ ಕೇಳಿಸದು. ಅದನ್ನು ಹೊರಗೆ ಕಟ್ಟಿಹಾಕಲೇಬೇಡಿ. ಗಾಬರಿಯಲ್ಲಿ ಸಂಕೋಲೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಒಳಗಿನ ಮೂಲೆಯಲ್ಲಿ ಗೋಣಿ ಹಾಸಿ, ಕಿಟಕಿ ಮುಚ್ಚಿ, ರೇಡಿಯೋ ಹಾಕಿ. ಮೈದಡವಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹತ್ತಿರ ಬಂದರೆ ಧಾರಾಳವಾಗಿ ಸವರಿ.

ಇವು ಮಾತ್ರ ಬೇಡ

ಬಾಯಿಗೆ ಹಗ್ಗ ಕಟ್ಟುವವರಿದ್ದಾರೆ. ನಾಯಿ ನಮ್ಮ ಹಾಗೆ ಮೈಯಿಡೀ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ನಮ್ಮ ಬೇಸಗೆಯಲ್ಲಿ ಬಾಯಿ ಕಟ್ಟಿದರೆ ಸತ್ತೇ ಹೋದೀತು. ಕರೆಂಟು ಹೊಡೆಯುವ ಕೊರಳಪಟ್ಟಿ ಈಗ ಮಾರಾಟಕ್ಕೆ ಬರುತ್ತದೆ, ಅದೂ ಬೇಡ. ಗೇಟಿನಲ್ಲಿ ಮಗು ನಿಂತಿರುವಾಗ ಕೊರಳಿಗೆ ಚುರುಕು ಬಿದ್ದರೆ ನಾಯಿ ಆ ನೋವನ್ನು ಮಗುವಿನ ಲೆಕ್ಕಕ್ಕೆ ಬರೆದುಕೊಂಡೀತು. ಹೊಡೆತವೂ ಅಷ್ಟೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಪೂರ್ತಿ ನಂಬಬೇಡಿ. ಆದರೆ ಹೊಡೆದು ಹೊಡೆದು ಬೊಗಳುವುದನ್ನೂ ಗುರುಗುಟ್ಟುವುದನ್ನೂ ಅಡಗಿಸಿದ ನಾಯಿ ಮುನ್ಸೂಚನೆ ಇಲ್ಲದೆ ಕಚ್ಚಬಹುದು ಎಂಬುದನ್ನು ನಂಬಿ.

ಬೊಗಳಿದಾಗ ಎದ್ದು ನೋಡಬೇಕಾದದ್ದು

ನಾಯಿಯನ್ನು ಮೂಕಿ ಮಾಡುವುದು ನಮ್ಮ ಉದ್ದೇಶ ಅಲ್ಲ. ಎರಡು ಮಾತು ಹೇಳಿ ನಿಲ್ಲಿಸಲಿ ಎಂದಷ್ಟೇ. ಅಡಿಕೆ ಹಾಳೆಯ ರಾಶಿಯ ಮುಂದೆ, ಸೌದೆ ಕೊಟ್ಟಿಗೆಯ ಮುಂದೆ ಒಂದೇ ಕಡೆ ನೋಡುತ್ತಾ, ಹಿಂದೆ ಮುಂದೆ ಹಾರುತ್ತಾ ಬೊಗಳಿದರೆ ಹಾವಿರಬಹುದು. ದೂರದಿಂದಲೇ ಟಾರ್ಚು ಹಾಕಿ, ಮಕ್ಕಳನ್ನು ಒಳಗೆ ಕರೆಯಿರಿ. ಕಾಡಂಚಿನ ಮನೆಗಳಲ್ಲಿ ನಡುರಾತ್ರಿ ಬೊಗಳುತ್ತಿದ್ದ ನಾಯಿ ಫಕ್ಕನೆ ಕುಂಯ್‌ಗುಟ್ಟಿ ಮನೆಯೊಳಗೆ ನುಗ್ಗಲು ನೋಡಿದರೆ ಚಿರತೆಯ ಸುಳಿವಿರಬಹುದು. ಹೊರಗಿಳಿಯಬೇಡಿ. ಚಿರತೆಗೆ ನಾಯಿ ಎಂದರೆ ಬಹಳ ಇಷ್ಟದ ಬೇಟೆ, ರಾತ್ರಿ ಗಟ್ಟಿ ಬಾಗಿಲಿನ ಗೂಡಿನಲ್ಲಿ ಮಲಗಿಸುವುದೇ ಕ್ಷೇಮ. ಆನೆ ಇಳಿಯುವ ಕಡೆ ನಾಯಿಯನ್ನು ಛೂ ಬಿಡಲೇಬೇಡಿ. ಆನೆಯನ್ನು ಕೆಣಕಿದ ನಾಯಿ ತಿರುಗಿ ಓಡಿಬರುವುದು ನಿಮ್ಮ ಅಂಗಳಕ್ಕೆ, ಹಿಂದಿನಿಂದ ಆನೆಯೂ ಬಂದೀತು.

ಇನ್ನೊಂದನ್ನು ಮರೆಯಬೇಡಿ. ನಾಯಿಯ ದನಿ ಇದ್ದಕ್ಕಿದ್ದಂತೆ ಒಡೆದು ಗೊಗ್ಗರಾದರೆ, ಜೊಲ್ಲು ಸುರಿಸುತ್ತಾ ನುಂಗಲಾಗದೆ, ಸಿಕ್ಕಿದ್ದನ್ನು ಕಚ್ಚತೊಡಗಿದರೆ ಅದು ಹುಚ್ಚಿನ ಲಕ್ಷಣವಿರಬಹುದು. ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ, ಮೆಣಸು ಹಚ್ಚಿ ಹೊತ್ತು ಕಳೆಯಬೇಡಿ. ಕಾಯಿಲೆ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಮರಿಗೆ ಮೂರು ತಿಂಗಳಾಗುವಾಗ ಹುಚ್ಚುರೋಗದ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ ತಪ್ಪದೆ.

ನಾಲ್ಕನೆಯ ವಾರ: ಪಕ್ಕದ ಮನೆ

ಹೇಳಲು ಕೊನೆಗಿಟ್ಟರೂ ಜಾಲ್ಸೂರಿನ ಸೋದರಿ ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಒಂದು ಬಾಟ್ಲಿ ಉಪ್ಪಿನಕಾಯಿ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ. ‘ನಿಮಗೆ ತೊಂದರೆಯಾಗುವುದು ಗೊತ್ತುಂಟು, ಕಲಿಸಲು ಶುರುಮಾಡಿದ್ದೇವೆ, ನಾಲ್ಕು ವಾರ ಸಮಯ ಕೊಡಿ’ ಎಂದು ಹೇಳಿ. ಹುಡುಗಿ ಓದಲು ಕೂರುವ ಹೊತ್ತು ಯಾವುದೆಂದು ಕೇಳಿ, ಆ ಹೊತ್ತಿಗೆ ನಾಯಿಯನ್ನು ತೋಟದ ಕಡೆ ಕರೆದೊಯ್ಯಿರಿ, ಇಲ್ಲವೇ ಒಳಗೆ ಮಲಗಿಸಿ. ಎಷ್ಟೋ ಕಡೆ ಜಗಳ ಬೊಗಳಿದ್ದಕ್ಕಿಂತ ಹೆಚ್ಚಾಗಿ ‘ಅವರಿಗೆ ನಮ್ಮ ಚಿಂತೆಯೇ ಇಲ್ಲ’ ಎಂಬ ನೋವಿನಿಂದ ಬೆಳೆದಿರುತ್ತದೆ. ನಾಲ್ಕನೆಯ ವಾರ ಆ ಹುಡುಗಿಯನ್ನೇ ಕರೆದು ಗೇಟು ತಟ್ಟಲು ಹೇಳಿ, ನಾಯಿ ‘ಸಾಕು’ ಕೇಳಿದ ಮೇಲೆ ಚೂರನ್ನು ಅವಳ ಕೈಯಿಂದಲೇ ಹಾಕಿಸಿ. ನಾಯಿಗೂ ನೆರೆಯವರ ಗುರುತಾಗುತ್ತದೆ.

ನಾಲ್ಕು ವಾರದ ಕೊನೆಗೆ ಹಾಲಿನ ಪುಸ್ತಕದ ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಯಜಮಾನರ ಮುಂದೆ ಇಡಿ. ಬೊಗಳುವುದು ಪೂರ್ತಿ ನಿಂತಿರುವುದಿಲ್ಲ, ನಿಲ್ಲಲೂ ಬಾರದು. ಆದರೆ ಅರ್ಧಗಂಟೆಯ ಗಲಾಟೆ ಅರ್ಧ ನಿಮಿಷಕ್ಕೆ ಇಳಿದಿದ್ದರೆ ಲೆಕ್ಕವೇ ಮಾತಾಡುತ್ತದೆ. ಇಳಿಯದಿದ್ದರೆ ನೋವೋ ಹೆದರಿಕೆಯೋ ಇದ್ದೀತು, ಪಶು ಆಸ್ಪತ್ರೆಯಲ್ಲಿ ತೋರಿಸಿ, ಇನ್ನೂ ನಾಲ್ಕು ವಾರ ಕೇಳಿ. ಸಂಪಾಜೆ ಘಾಟಿಯ ಮಾತು ಮಾತ್ರ ಮಕ್ಕಳ ಕಿವಿಗೆ ಮತ್ತೆ ಬೀಳದಿರಲಿ.